ದೂರದ ಕಂಪ್ಯೂಟರಿನ ಅಕ್ಷರ ಸ್ಪಷ್ಟವಾಗಿ ಕಾಣಬೇಕೆಂದರೆ: ರಿಮೋಟ್ ಡೆಸ್ಕ್‌ಟಾಪ್ ರೆಸಲ್ಯೂಷನ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಭತ್ತದ ಸುಗ್ಗಿ ಬಂತೆಂದರೆ ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಲೆಕ್ಕವನ್ನು ನಾನು ರಾಯಚೂರಿನ ಮನೆಯಿಂದಲೇ ನೋಡುತ್ತೇನೆ. ಕಂಪ್ಯೂಟರ್ ಗಿರಣಿಯಲ್ಲಿದೆ. ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್ ಇದೆ. ಬಸ್ಸಿನಲ್ಲಿ ಹೋಗಿ ಬಂದರೆ ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ, ಅದಕ್ಕೇ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿಂದಲೇ ನೋಡಿ ಕೆಲಸ ಮಾಡುವ ದಾರಿ.

ಒಮ್ಮೆ ಕಾಟಾ ಚೀಟಿಯಲ್ಲಿ (ತೂಕದ ಚೀಟಿ) 38 ಕ್ವಿಂಟಲ್ ಎಂದಿದ್ದನ್ನು 33 ಎಂದು ಓದಿ ಬರೆದುಬಿಟ್ಟೆ. ಐದು ಕ್ವಿಂಟಲ್ ಅಂದರೆ ರೈತನಿಗೆ ಸಣ್ಣ ಮಾತಲ್ಲ. ಸಂಜೆ ಅವರು ಪಟ್ಟಿ ಹಿಡಿದು ಬಂದು ಕೇಳಿದಾಗಲೇ ತಪ್ಪು ಗೊತ್ತಾಗಿದ್ದು. ಅದೇ ವಾರ ‘ಸಿದ್ಧಪ್ಪ’ ಎಂಬ ಹೆಸರನ್ನು ‘ಸಿದ್ದಪ್ಪ’ ಎಂದು ನಕಲು ಮಾಡಿದ್ದೆ. ಒತ್ತಕ್ಷರದ ಕೆಳಗಿನ ಸಣ್ಣ ಸೀಳು ನನ್ನ ಪರದೆಯಲ್ಲಿ ಕಾಣಲೇ ಇಲ್ಲ. ಪಹಣಿಯ ಹೆಸರಿಗೂ ನಮ್ಮ ಹೆಸರಿಗೂ ತಾಳೆ ಆಗಲಿಲ್ಲ. ಕಣ್ಣು ಪರೀಕ್ಷೆ ಮಾಡಿಸಿದೆ, ಕಣ್ಣು ಸರಿಯಾಗಿಯೇ ಇತ್ತು. ತಪ್ಪಿದ್ದು ರೆಸಲ್ಯೂಷನ್‌ನಲ್ಲಿ, ಅಂದರೆ ಪರದೆಯ ಅಗಲಕ್ಕೆ ಎಷ್ಟು ಚುಕ್ಕಿ, ಎತ್ತರಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕದಲ್ಲಿ.

ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಊಹೆಯ ಮೇಲೆ ಓದಬಹುದು. ಕನ್ನಡಕ್ಕೆ ಹಾಗಾಗುವುದಿಲ್ಲ. ಒತ್ತು, ದೀರ್ಘ, ಮಹಾಪ್ರಾಣದ ಸೀಳು ಎಲ್ಲವೂ ಒಂದೆರಡು ಪಿಕ್ಸೆಲ್‌ನಲ್ಲಿ, ಅಂದರೆ ಪರದೆಯ ಒಂದೆರಡು ಚುಕ್ಕಿಯಲ್ಲಿ ನಿಂತಿರುತ್ತವೆ. ಹಾಗಾಗಿ ಕನ್ನಡದಲ್ಲಿ ಕೆಲಸ ಮಾಡುವವರು ಈ ವಿಷಯವನ್ನು ಬೇರೆಯವರಿಗಿಂತ ಜಾಸ್ತಿ ಗಮನ ಕೊಟ್ಟು ಕಲಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮೊದಲು ಎರಡು ಅಂಕಿ ಬರೆದುಕೊಳ್ಳಿ

ಯಾವ ಬಟನ್‌ನನ್ನೂ ಒತ್ತುವ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ನಿಮ್ಮ ಎದುರಿನ ಕಂಪ್ಯೂಟರಿನ ರೆಸಲ್ಯೂಷನ್ ಎಷ್ಟು, ದೂರದ ಕಂಪ್ಯೂಟರಿನದು ಎಷ್ಟು ಎಂದು ಬರೆಯಿರಿ. ವಿಂಡೋಸ್ 10 ಅಥವಾ 11ರಲ್ಲಿ ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ತೆರೆಯಿರಿ. ಕೆಳಗೆ ‘ಡಿಸ್‌ಪ್ಲೇ ರೆಸಲ್ಯೂಷನ್’ ಎಂದು ಇರುತ್ತದೆ. ಅದರ ಹತ್ತಿರವೇ ‘ಸ್ಕೇಲ್’ ಎಂದು ಶೇಕಡಾ ಲೆಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಅದನ್ನೂ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಹಳೆಯ ಲ್ಯಾಪ್‌ಟಾಪ್ 1366×768. ಗಿರಣಿಯ ಮಾನಿಟರ್ 1920×1080. ಅಂದರೆ ಅಲ್ಲಿ 20,73,600 ಚುಕ್ಕಿಗಳಿವೆ, ನನ್ನಲ್ಲಿ 10,49,088 ಮಾತ್ರ. ಎರಡು ಚೀಲದ ಭತ್ತವನ್ನು ಒಂದು ಚೀಲಕ್ಕೆ ತುಂಬಿದ ಹಾಗೆ. ಅಗಲದ ಲೆಕ್ಕ ನೋಡಿದರೆ ಅಲ್ಲಿನ ಪ್ರತಿ 10 ಚುಕ್ಕಿಗೆ ಇಲ್ಲಿ 7 ಚುಕ್ಕಿಯಷ್ಟೇ ಜಾಗ. ಒಂದು ಚುಕ್ಕಿ ದಪ್ಪದ ಗೆರೆ ಅಕ್ಕಪಕ್ಕದ ಬಿಳಿಯ ಜೊತೆ ಕಲೆತು ಬೂದಿ ಬಣ್ಣಕ್ಕೆ ತಿರುಗುತ್ತದೆ. 8ರ ಎಡಗಡೆ ಹೀಗೇ ಕರಗಿ 3 ಆಗುತ್ತದೆ. ‘ದ್ಧ’ ಹೋಗಿ ‘ದ್ದ’ ಆಗುತ್ತದೆ.

ಉಲ್ಟಾ ಆದರೂ ತೊಂದರೆಯೇ. ದೂರದ್ದು 1024×768 ಇದ್ದು ನಿಮ್ಮದು ದೊಡ್ಡ ಪರದೆಯಾಗಿದ್ದರೆ, ಅಕ್ಷರ ದಪ್ಪವಾಗುತ್ತದೆ ಆದರೆ ಅಂಚು ಹಿಂಜಿದ ಹತ್ತಿಯ ಹಾಗೆ ಕಾಣುತ್ತದೆ. ಜೊತೆಗೆ ಉದ್ದ–ಅಗಲದ ಅನುಪಾತವೂ ಬೇರೆ. 1024×768 ಅಂದರೆ 4:3, 1280×1024 ಅಂದರೆ 5:4, 1920×1080 ಅಂದರೆ 16:9. ಅನುಪಾತ ಬೇರೆಯಾದರೆ ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಆ ಪಟ್ಟಿ ತೆಗೆಯಲು ಚಿತ್ರವನ್ನು ಎಳೆದು ಹಿಗ್ಗಿಸಬೇಡಿ. ಪಟ್ಟಿಯಿಂದ ನಷ್ಟವಿಲ್ಲ, ಹಿಗ್ಗಿದ ಅಕ್ಷರದಿಂದ ಇದೆ.

ನಿಮ್ಮ ಸಾಫ್ಟ್‌ವೇರ್ ಯಾವ ಜಾತಿಯದು?

ಇದು ತಿಳಿಯದೆ ಸೆಟ್ಟಿಂಗ್ ಹುಡುಕಿದರೆ ಸುಮ್ನೆ ಸಮಯ ಹೋಗುತ್ತದೆ. ರಿಮೋಟ್ ಸಾಫ್ಟ್‌ವೇರ್‌ಗಳಲ್ಲಿ ಎರಡು ಜಾತಿ.

ಒಂದು, ವಿಂಡೋಸ್ ಜೊತೆಗೇ ಬರುವ ‘ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್’. ಇದು ನಿಮಗಾಗಿ ಒಂದು ಹೊಸ ಹಾಳೆ ಬಿಡಿಸಿ ಕೊಡುತ್ತದೆ. ಅಲ್ಲಿನ ಮಾನಿಟರ್ ಎಷ್ಟು ದೊಡ್ಡದು ಎಂಬುದು ಇದಕ್ಕೆ ಲೆಕ್ಕಕ್ಕಿಲ್ಲ. ನೀವು ಕೇಳಿದ ಅಳತೆಯಲ್ಲಿ ಡೆಸ್ಕ್‌ಟಾಪ್ ತಯಾರಾಗುತ್ತದೆ. ನೀವು ಒಳಗೆ ಹೋದಾಗ ಅಲ್ಲಿನ ಮಾನಿಟರ್ ಲಾಕ್ ಆಗುತ್ತದೆ.

ಇನ್ನೊಂದು, ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ವಿಎನ್‌ಸಿ ಇಂಥವು. ಸಾಮಾನ್ಯವಾಗಿ ಇವು ಅಲ್ಲಿನ ಮಾನಿಟರಿನಲ್ಲಿ ಏನಿದೆಯೋ ಅದನ್ನೇ ನಿಮಗೆ ತೋರಿಸುತ್ತವೆ. ಅಲ್ಲಿ ಕೂತವರು, ನೀವು ಇಬ್ಬರೂ ಒಂದೇ ಪರದೆ ನೋಡುತ್ತೀರಿ. ಇಲ್ಲಿ ಎರಡು ಬೇರೆ ಬೇರೆ ಹಿಡಿಕೆಗಳಿವೆ: ಅಲ್ಲಿನ ರೆಸಲ್ಯೂಷನ್ ಬದಲಿಸುವುದು ಒಂದು, ಬಂದ ಚಿತ್ರವನ್ನು ನಿಮ್ಮ ಕಿಟಕಿಗೆ ಹಿಡಿಸುವುದು ಇನ್ನೊಂದು. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಎರಡನೆಯ ಹಿಡಿಕೆಯನ್ನು ಎಷ್ಟು ತಿರುಗಿಸಿದರೂ ಮೊದಲನೆಯದರ ತಪ್ಪು ಸರಿಹೋಗುವುದಿಲ್ಲ.

ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ

ದೂರದ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಅಥವಾ ಅದಕ್ಕಿಂತ ಮೇಲಿನ ಆವೃತ್ತಿ ಇರಬೇಕು. ಹೋಮ್ ಆವೃತ್ತಿಯ ಒಳಗೆ ಈ ದಾರಿಯಿಂದ ಹೋಗಲು ಬರುವುದಿಲ್ಲ. ಹೋಮ್ ಇರುವ ಲ್ಯಾಪ್‌ಟಾಪಿನಿಂದ ಪ್ರೊ ಇರುವುದಕ್ಕೆ ಹೋಗಬಹುದು.

ಇಲ್ಲಿ ಒಂದು ಮಾತು ನೆನಪಿಡಿ. ಒಳಗೆ ಹೋದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ರೆಸಲ್ಯೂಷನ್ ಬದಲಿಸಲು ಹೋದರೆ ವಿಂಡೋಸ್ ಬಿಡುವುದಿಲ್ಲ. ಅಳತೆಯನ್ನು ಹೊರಗೇ, ಬಾಗಿಲು ದಾಟುವ ಮೊದಲೇ ಹೇಳಬೇಕು. ಈಗಾಗಲೇ ಒಳಗಿದ್ದರೆ ಡಿಸ್‌ಕನೆಕ್ಟ್ ಮಾಡಿ ಹೊರಬನ್ನಿ. ಅಲ್ಲಿ ತೆರೆದಿಟ್ಟ ಕೆಲಸ ಹಾಗೇ ಇರುತ್ತದೆ.

ಈಗ ವಿಂಡೋಸ್ ಕೀ ಮತ್ತು ‘ಆರ್’ ಒಟ್ಟಿಗೆ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಎಂ, ಎಸ್, ಟಿ, ಎಸ್, ಸಿ ಎಂಬ ಐದು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಸಣ್ಣ ಕಿಟಕಿ ತೆರೆಯುತ್ತದೆ. ಕೆಳಗಿನ ‘ಶೋ ಆಪ್ಷನ್ಸ್’ ಮೇಲೆ ಕ್ಲಿಕ್ ಮಾಡಿದರೆ ಮೇಲೆ ಟ್ಯಾಬ್‌ಗಳ ಸಾಲು ಬರುತ್ತದೆ. ಅದರಲ್ಲಿ ‘ಡಿಸ್‌ಪ್ಲೇ’ಗೆ ಹೋಗಿ. ಅಲ್ಲೊಂದು ಜಾರುಗುಂಡಿ ಇದೆ. ಎಡಕ್ಕೆ ಎಳೆದರೆ ಅಳತೆ ಸಣ್ಣದು, ಪೂರ್ತಿ ಬಲಕ್ಕೆ ಎಳೆದರೆ ‘ಫುಲ್ ಸ್ಕ್ರೀನ್’.

ಹತ್ತರಲ್ಲಿ ಒಂಬತ್ತು ಮಂದಿಗೆ ಫುಲ್ ಸ್ಕ್ರೀನೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಆಗ ದೂರದ ಡೆಸ್ಕ್‌ಟಾಪ್ ನಿಮ್ಮ ಪರದೆಯ ಅಳತೆಯಲ್ಲೇ ತಯಾರಾಗುತ್ತದೆ. ಅಲ್ಲಿನ ಒಂದು ಚುಕ್ಕಿಗೆ ಇಲ್ಲಿ ಒಂದು ಚುಕ್ಕಿ. ಕುಗ್ಗಿಸುವುದೂ ಇಲ್ಲ, ಹಿಗ್ಗಿಸುವುದೂ ಇಲ್ಲ. ನಿಮ್ಮ ಕಂಪ್ಯೂಟರಿಗೆ ಮರಳಲು ಕಂಟ್ರೋಲ್, ಆಲ್ಟ್, ಬ್ರೇಕ್ ಮೂರನ್ನೂ ಒಟ್ಟಿಗೆ ಒತ್ತಿ. ಬ್ರೇಕ್ ಕೀ ಇಲ್ಲದ ಲ್ಯಾಪ್‌ಟಾಪ್ ಆದರೆ ಮೌಸನ್ನು ಪರದೆಯ ಮೇಲಂಚಿನ ನಡುವಿಗೆ ಒಯ್ಯಿರಿ. ಪಟ್ಟಿಯೊಂದು ಇಳಿಯುತ್ತದೆ, ಅದರ ಬಟನ್‌ನಿಂದ ಕಿಟಕಿ ಸಣ್ಣದು ಮಾಡಬಹುದು.

ಕಿಟಕಿಯಲ್ಲೇ ಬೇಕು, ಪಕ್ಕದಲ್ಲಿ ವಾಟ್ಸಾಪ್ ಅಥವಾ ಕಾಟಾ ಚೀಟಿಯ ಫೋಟೋ ಇಟ್ಟುಕೊಳ್ಳಬೇಕು ಎನ್ನುವವರು ಸ್ವಲ್ಪ ಲೆಕ್ಕ ಹಾಕಬೇಕು. ನಿಮ್ಮ ಪರದೆಯಷ್ಟೇ ಅಳತೆ ಕೇಳಿದರೆ ಕಿಟಕಿಯ ತಲೆಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಸೇರಿ ಜಾಗ ಸಾಲುವುದಿಲ್ಲ. ಪಕ್ಕದಲ್ಲಿ ಸ್ಕ್ರೋಲ್ ಪಟ್ಟಿ ಬಂದು ಅತ್ತಿತ್ತ ಎಳೆದಾಡಬೇಕಾಗುತ್ತದೆ. 1920×1080 ಪರದೆಗೆ 1600×900 ಚೆನ್ನಾಗಿ ಹೊಂದುತ್ತದೆ. 1366×768 ಪರದೆಗೆ ಆ ಜಾರುಗುಂಡಿಯಲ್ಲಿ ಹಿತವಾದ ಅಳತೆ ಸಿಗುವುದು ಕಷ್ಟ. ಆಗ ಅಳತೆಯನ್ನು ನೀವೇ ಬರೆದು ಕೊಡಿ. ಮೊದಲು ಟೈಪ್ ಮಾಡಿದ ಆ ಐದು ಅಕ್ಷರ ಆದ ಮೇಲೆ ಒಂದು ಸ್ಪೇಸ್, ಸ್ಲ್ಯಾಷ್, ಡಬ್ಲ್ಯೂ, ಕೋಲನ್, 1300. ಮತ್ತೆ ಸ್ಪೇಸ್, ಸ್ಲ್ಯಾಷ್, ಎಚ್, ಕೋಲನ್, 680. ಎಂಟರ್ ಒತ್ತಿ ಒಳಗೆ ಹೋದರೆ 1300×680 ಅಳತೆಯ ಡೆಸ್ಕ್‌ಟಾಪ್ ನಿಮ್ಮ ಕಿಟಕಿಯಲ್ಲಿ ಸರಿಯಾಗಿ ಕೂರುತ್ತದೆ.

ಕಿಟಕಿಯ ತಲೆಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಸ್ಮಾರ್ಟ್ ಸೈಜಿಂಗ್’ ಎಂದು ಕಾಣುತ್ತದೆ. ಹೆಸರು ಕೇಳಿ ಆನ್ ಮಾಡಿಬಿಡಬೇಡಿ. ಅದು ಚಿತ್ರವನ್ನು ಕಿಟಕಿಗೆ ತಕ್ಕಂತೆ ಕುಗ್ಗಿಸುತ್ತದೆ ಅಷ್ಟೇ. ಏನಾದರೂ ಪ್ರಿಂಟ್ ಆಗುತ್ತಿದೆಯಾ ಎಂದು ದೂರದಿಂದ ಕಣ್ಣಿಡಲು ಸಾಕು, ಅಂಕಿ ಓದಲು ಬೇಡ.

ಇನ್ನು ‘ಎಕ್ಸ್‌ಪೀರಿಯನ್ಸ್’ ಎಂಬ ಟ್ಯಾಬ್. ಇದನ್ನು ಯಾರೂ ತೆರೆದು ನೋಡುವುದಿಲ್ಲ, ಕನ್ನಡಕ್ಕೆ ಇದು ತುಂಬಾ ಮುಖ್ಯ. ಅಲ್ಲಿ ‘ಫಾಂಟ್ ಸ್ಮೂದಿಂಗ್’ ಎಂದು ಒಂದು ಟಿಕ್ ಇದೆ. ನಿಧಾನದ ಕನೆಕ್ಷನ್ ಆರಿಸಿಕೊಂಡಿದ್ದರೆ ಆ ಟಿಕ್ ಹೋಗಿರುತ್ತದೆ. ಆಗ ರೆಸಲ್ಯೂಷನ್ ಎಷ್ಟೇ ಸರಿಯಿದ್ದರೂ ‘ಕ್ಷ’, ‘ಜ್ಞ’, ‘ಷ್ಟ್ರ’ ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ವಾಲ್‌ಪೇಪರ್, ಅನಿಮೇಷನ್‌ಗಳ ಟಿಕ್ ತೆಗೆದುಬಿಡಿ, ಫಾಂಟ್ ಸ್ಮೂದಿಂಗ್ ಮಾತ್ರ ಇರಲಿ. ಬಣ್ಣ ಡಿಸ್‌ಪ್ಲೇ ಟ್ಯಾಬಿನಲ್ಲೇ ಇದೆ. 16 ಬಿಟ್ ಅಂದರೆ 65,536 ಬಣ್ಣ. ಲೆಕ್ಕದ ಕೆಲಸಕ್ಕೆ ಧಾರಾಳ ಸಾಕು.

ಎಲ್ಲ ಹೊಂದಿದ ಮೇಲೆ ‘ಜನರಲ್’ ಟ್ಯಾಬಿಗೆ ಬಂದು ‘ಸೇವ್ ಆ್ಯಸ್’ ಒತ್ತಿ. ಒಂದೊಂದು ಕಂಪ್ಯೂಟರಿಗೆ ಒಂದೊಂದು ಫೈಲ್ ಮಾಡಿ ಡೆಸ್ಕ್‌ಟಾಪಿನಲ್ಲಿ ಇಡಿ. ನನ್ನ ಹತ್ತಿರ ‘ಗಿರಣಿ ಫುಲ್’, ‘ಗಿರಣಿ ಕಿಟಕಿ’ ಎಂದು ಎರಡಿವೆ. ಎರಡು ಸಲ ಕ್ಲಿಕ್ ಮಾಡಿದರೆ ಅದೇ ಅಳತೆಯಲ್ಲಿ ತೆರೆಯುತ್ತದೆ.

ಒಂದು ಎಚ್ಚರಿಕೆ. ಹೊರಗಿನಿಂದ ಬರಲು ಸುಲಭ ಎಂದು ರೂಟರಿನಲ್ಲಿ 3389 ಪೋರ್ಟನ್ನು (ರಿಮೋಟ್ ಡೆಸ್ಕ್‌ಟಾಪ್ ಒಳಬರುವ ಬಾಗಿಲು) ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. ಪಾಸ್‌ವರ್ಡ್ ಊಹಿಸುವ ಕಳ್ಳರು ಹಗಲೂ ರಾತ್ರಿ ಆ ಬಾಗಿಲನ್ನೇ ಬಡಿಯುತ್ತಿರುತ್ತಾರೆ. ವಿಪಿಎನ್, ಅಂದರೆ ಇಂಟರ್‌ನೆಟ್ಟಿನೊಳಗೇ ನಿಮಗಷ್ಟೇ ಇರುವ ಖಾಸಗಿ ದಾರಿಯ ಮೂಲಕ ಹೋಗಿ.

ಎನಿಡೆಸ್ಕ್ ಮತ್ತು ಅದರ ಬಳಗದಲ್ಲಿ

ಇಲ್ಲಿ ಮೊದಲು ಎರಡನೆಯ ಹಿಡಿಕೆ, ಅಂದರೆ ನೋಡುವ ರೀತಿ. ಎನಿಡೆಸ್ಕ್‌ನಲ್ಲಿ ಮೇಲಿನ ಪಟ್ಟಿಯ ಮಾನಿಟರ್ ಚಿತ್ರ ಒತ್ತಿದರೆ ಮೂಲ ಅಳತೆ, ಕುಗ್ಗಿಸಿದ್ದು, ಹಿಗ್ಗಿಸಿದ್ದು ಎಂಬ ಆಯ್ಕೆ ಸಿಗುತ್ತವೆ. ಟೀಮ್‌ವ್ಯೂವರ್‌ನಲ್ಲಿ ‘ವ್ಯೂ’ ಮೆನುವಿನಲ್ಲಿ ‘ಒರಿಜಿನಲ್’ ಮತ್ತು ‘ಸ್ಕೇಲ್ಡ್’. ರಸ್ಟ್‌ಡೆಸ್ಕ್‌ನಲ್ಲಿ ‘ಸ್ಕೇಲ್ ಒರಿಜಿನಲ್’, ‘ಸ್ಕೇಲ್ ಅಡಾಪ್ಟಿವ್’. ಹೆಸರು ಬೇರೆ, ಮಾತು ಒಂದೇ. ಅಂಕಿ ಓದುವಾಗ, ಹೆಸರು ತಾಳೆ ನೋಡುವಾಗ ಒರಿಜಿನಲ್ ಇಡಿ. ಪರದೆ ಅತ್ತಿತ್ತ ಸರಿಸಬೇಕಾಗಬಹುದು, ಆದರೂ ಪರವಾಗಿಲ್ಲ.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಎರಡು ಸಾಲು ಒಂದೇ ತರಹ ಕಾಣುತ್ತವೆ. ‘ಸ್ಕೇಲ್ ಟು ಫಿಟ್’ ಅಂದರೆ ಚಿತ್ರ ಕುಗ್ಗಿಸು. ‘ರೀಸೈಜ್ ಟು ಫಿಟ್’ ಅಂದರೆ ದೂರದ ಕಂಪ್ಯೂಟರಿನ ರೆಸಲ್ಯೂಷನ್ನನ್ನೇ ನನ್ನ ಕಿಟಕಿಗೆ ತಕ್ಕಂತೆ ಬದಲಿಸು. ಎರಡನೆಯದು ಕೆಲಸ ಮಾಡಿದರೆ ಅಕ್ಷರ ಸ್ಪಷ್ಟ ಬರುತ್ತದೆ. ದೂರದ ಕಂಪ್ಯೂಟರ್ ಒಪ್ಪದಿದ್ದರೆ ಏನೂ ಆಗುವುದಿಲ್ಲ, ಕೆಡುವುದೂ ಇಲ್ಲ.

ಈಗ ಮೊದಲನೆಯ ಹಿಡಿಕೆ, ಅಲ್ಲಿನ ರೆಸಲ್ಯೂಷನ್ ಬದಲಿಸುವುದು. ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್‌ಗಳಲ್ಲಿ ಮೆನುವಿನಲ್ಲೇ ಇದಕ್ಕೆ ಆಯ್ಕೆ ಇದೆ. ಬೇರೆ ಯಾವುದರಲ್ಲಾದರೂ ದೂರದ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೀವೇ ಬದಲಿಸಬಹುದು. ಆದರೆ ಮೊದಲು ಅಲ್ಲಿ ಕೂತವರಿಗೆ ಫೋನ್ ಮಾಡಿ. ನಾನು ಹೇಳದೆ ಒಮ್ಮೆ 1366×768 ಮಾಡಿದ್ದೆ. ಐದು ನಿಮಿಷಕ್ಕೆ ಗುಮಾಸ್ತರ ಫೋನ್ ಬಂತು. “ಅಣ್ಣಾರ, ಅಕ್ಷರೆಲ್ಲ ದಪ್ಪ ದಪ್ಪ ಆಗ್ಯಾವ್ರಿ, ಏನ್ ಒತ್ತಿದ್ರಿ? ಪಟ್ಟಿ ಮಾಡಾಕ ಬರವಲ್ದು.” ಅಂಗಳದಲ್ಲಿ ಟ್ರ್ಯಾಕ್ಟರ್ ಸಾಲು ನಿಂತಿತ್ತಂತೆ. ಪರದೆ ಒಂದೇ, ನೋಡುವವರು ಇಬ್ಬರು ಎಂಬುದನ್ನು ನಾನು ಮರೆತಿದ್ದೆ. ಅವರ ಕೆಲಸದ ಹೊತ್ತಿನಲ್ಲಿ ಅವರ ಅಳತೆಯೇ ಇರಲಿ. ರಾತ್ರಿ ಗಿರಣಿ ಮುಚ್ಚಿದ ಮೇಲೆ ನಿಮ್ಮ ಅಳತೆ ಹಾಕಿಕೊಳ್ಳಿ, ಮುಗಿದ ಮೇಲೆ ಚೀಟಿ ನೋಡಿ ಹಳೆಯದಕ್ಕೇ ತಂದಿಡಿ.

ಬದಲಿಸಿದ ಕೂಡಲೇ ವಿಂಡೋಸ್ ‘ಕೀಪ್ ಚೇಂಜಸ್’ ಎಂದು ಕೇಳುತ್ತದೆ. ಉತ್ತರ ಕೊಡದಿದ್ದರೆ 15 ಸೆಕೆಂಡಿಗೆ ತಾನೇ ಹಳೆಯ ಅಳತೆಗೆ ಮರಳುತ್ತದೆ. ಈ 15 ಸೆಕೆಂಡ್ ನಿಮ್ಮ ಕಾವಲುಗಾರ. ಹಳೆಯ ವಿಜಿಎ ಮಾನಿಟರ್‌ಗಳಲ್ಲಿ ಒಂದು ವಿಚಿತ್ರ ಆಗುತ್ತದೆ. ನಿಮಗೆ ಇಲ್ಲಿ ಎಲ್ಲ ಚೆಂದ ಕಾಣುತ್ತಿರುತ್ತದೆ, ಅಲ್ಲಿ ಮಾನಿಟರ್ ಆ ಅಳತೆ ಹಿಡಿಯಲಾರದೆ ‘ಔಟ್ ಆಫ್ ರೇಂಜ್’ ಎಂದು ಕಪ್ಪಾಗಿರುತ್ತದೆ. ಹಾಗಾಗಿ ಫೋನಿನಲ್ಲಿ “ಕಾಣ್ತದೇನ್ರಿ?” ಎಂದು ಕೇಳಿ, “ಹೌದ್ರಿ” ಎಂದ ಮೇಲೆಯೇ ಕೀಪ್ ಒತ್ತಿ.

ಪಟ್ಟಿಯಲ್ಲಿ ಎರಡು ಮೂರೇ ಅಳತೆ ಕಾಣುತ್ತಿದ್ದರೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಇಲ್ಲದಿರಬಹುದು. ‘ಡಿವೈಸ್ ಮ್ಯಾನೇಜರ್’ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಅದೇ ಕಾರಣ. ಸರಿಯಾದ ಡ್ರೈವರ್ ಹಾಕಿದರೆ ಉಳಿದ ಅಳತೆಗಳು ಬರುತ್ತವೆ.

ಮಾನಿಟರ್ ಇಲ್ಲದ, ಅಥವಾ ಆಫ್ ಆದ ಕಂಪ್ಯೂಟರ್

ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗಿ ಬರುವುದು ಹೊಸದಲ್ಲ. ಕರೆಂಟು ಬಂದಾಗ ಸಿಪಿಯು ತಾನೇ ಆನ್ ಆಗುವಂತೆ ಇಟ್ಟಿರುತ್ತಾರೆ, ಮಾನಿಟರಿನ ಸ್ವಿಚ್ ಆಫ್ ಇರುತ್ತದೆ. ಕಂಪ್ಯೂಟರಿಗೆ ಮಾನಿಟರ್ ಸಿಗದಿದ್ದರೆ ಅದು 1024×768 ಅಥವಾ ಇನ್ನೂ ಸಣ್ಣ ಅಳತೆಗೆ ಇಳಿಯಬಹುದು. ನಿನ್ನೆ ಚೆನ್ನಾಗಿದ್ದ ಪರದೆ ಇವತ್ತು ಯಾಕೆ ಹೀಗಾಯಿತು ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಮಾನಿಟರ್ ಆನ್ ಇದೆಯಾ ಎಂದು ಕೇಳಿ.

ಮಾನಿಟರೇ ಇಡದ ಕಂಪ್ಯೂಟರ್ ಆದರೆ ‘ಡಮ್ಮಿ ಪ್ಲಗ್’ ತನ್ನಿ. ಹೆಬ್ಬೆರಳಿನಷ್ಟು ಸಣ್ಣ ಎಚ್‌ಡಿಎಂಐ ಬಿರಡೆ ಅದು. ಸಿಪಿಯು ಹಿಂದೆ ಚುಚ್ಚಿದರೆ, ಮಾನಿಟರ್ ಇದೆ ಎಂದು ಕಂಪ್ಯೂಟರ್ ನಂಬುತ್ತದೆ. ಆಮೇಲೆ ಬೇಕಾದ ಅಳತೆ ಆರಿಸಿಕೊಳ್ಳಬಹುದು. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಬಳಸುವವರಿಗೆ ಇದರ ಅಗತ್ಯವೇ ಇಲ್ಲ, ಅದು ಹೇಗೂ ತನ್ನದೇ ಹಾಳೆ ಬಿಡಿಸುತ್ತದೆ.

ಸ್ಕೇಲ್: ಚೀಟಿಯ ಮೂರನೆಯ ಅಂಕಿ

ಅಕ್ಷರ ಸಣ್ಣದಾಯಿತೆಂದು ರೆಸಲ್ಯೂಷನ್ ಇಳಿಸುವುದು ತಪ್ಪು ಮದ್ದು. ರೆಸಲ್ಯೂಷನ್ ಮಾನಿಟರಿನ ಸ್ವಂತ ಅಳತೆಯಲ್ಲೇ ಇರಲಿ, ‘ರೆಕಮೆಂಡೆಡ್’ ಎಂದು ಬರೆದಿರುತ್ತದಲ್ಲ, ಅದೇ. ಅಕ್ಷರ ದೊಡ್ಡದಾಗಲು ಸ್ಕೇಲ್ 125 ಅಥವಾ 150 ಮಾಡಿ. ಹೆಚ್ಚು ಚುಕ್ಕಿ ಬಳಸಿ ಅಕ್ಷರ ಬರೆಯುವುದರಿಂದ ‘ದ್ಧ’ ಸ್ಪಷ್ಟವಾಗುತ್ತದೆ.

ಆದರೆ ಜಾಗ ಕಡಿಮೆಯಾಗುತ್ತದೆ. 1920×1080ಕ್ಕೆ 150 ಹಾಕಿದರೆ 1280×720ರಷ್ಟು ಜಾಗವೇ ಉಳಿಯುತ್ತದೆ. 1366×768ಕ್ಕೆ 150 ಹಾಕಿದರೆ ಕೆಲವು ಪೆಟ್ಟಿಗೆಗಳ ‘ಓಕೆ’ ಬಟನ್ ಪರದೆಯ ಕೆಳಗೆ ಹೋಗಿ ಕಾಣುವುದೇ ಇಲ್ಲ. ಆಗ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಆಮೇಲೆ ‘ಎಂ’ ಒತ್ತಿ, ಬಾಣದ ಕೀಲಿಯಿಂದ ಪೆಟ್ಟಿಗೆಯನ್ನು ಮೇಲಕ್ಕೆ ಸರಿಸಿ. ಸ್ಕೇಲ್ ಬದಲಿಸಿದ ಮೇಲೆ ಕೆಲವು ಹಳೆಯ ಸಾಫ್ಟ್‌ವೇರ್ ಮಸುಕಾಗಿ ಕಂಡರೆ ಸೈನ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ.

ನೆಟ್ ನಿಧಾನವಿದ್ದಾಗ

ರೆಸಲ್ಯೂಷನ್ ಎಲ್ಲ ಸರಿಯಿದ್ದೂ ಅಕ್ಷರದ ಸುತ್ತ ಕೊಳೆ ಕಾಣುತ್ತಿದೆಯೇ? ಅದು ನೆಟ್‌ನದು. 1920×1080ರ ಒಂದು ಚಿತ್ರ, 32 ಬಿಟ್ ಬಣ್ಣದಲ್ಲಿ, ಹಿಂಡದೆ ಕಳಿಸಿದರೆ ಸುಮಾರು 8.3 ಎಂಬಿ. ಹಾಗೆ ಕಳಿಸಲಾಗದು, ಸಾಫ್ಟ್‌ವೇರ್ ಹಿಂಡಿಯೇ ಕಳಿಸುತ್ತದೆ. ನೆಟ್ ಕಡಿಮೆಯಾದಷ್ಟೂ ಜಾಸ್ತಿ ಹಿಂಡುತ್ತದೆ. ಬಿಳಿಯ ಮೇಲಿನ ಕೆಂಪು ಅಕ್ಷರ ಎಲ್ಲಕ್ಕಿಂತ ಮೊದಲು ಕೆಡುತ್ತದೆ, ಬಾಕಿ ಮೊತ್ತ ಕೆಂಪಿನಲ್ಲಿ ತೋರಿಸುವ ಲೆಕ್ಕದ ಪುಟಗಳಲ್ಲಿ ಇದನ್ನು ನೋಡಿರುತ್ತೀರಿ. ಎನಿಡೆಸ್ಕ್, ಟೀಮ್‌ವ್ಯೂವರ್ ಎರಡರಲ್ಲೂ ಗುಣಮಟ್ಟವೋ ವೇಗವೋ ಎಂದು ಆರಿಸುವ ಜಾಗವಿದೆ. ಗುಣಮಟ್ಟ ಆರಿಸಿ. ಪರದೆ ತಡವಾಗಿ ಬರಲಿ, ಸ್ಪಷ್ಟವಾಗಿ ಬರಲಿ. ಎದುರಿನ ಪುಟ ತೆರೆದ ಮೇಲೆ ಒಂದೆರಡು ಸೆಕೆಂಡ್ ಮೌಸ್ ಅಲ್ಲಾಡಿಸದೆ ಕಾಯಿರಿ, ಚಿತ್ರ ತಿಳಿಯಾಗುತ್ತದೆ.

ಫೋನಿನಿಂದ ನೋಡುವವರಿಗೆ ಒಂದೇ ಮಾತು: ಫೋನ್ ಅಡ್ಡ ಹಿಡಿಯಿರಿ, ಎರಡು ಬೆರಳಿನಿಂದ ಹಿಗ್ಗಿಸಿ ಓದಿ, ಲೆಕ್ಕ ಬರೆಯಲು ಹೋಗಬೇಡಿ.

ಸಿದ್ಧಪ್ಪ ಪರೀಕ್ಷೆ

ದೂರದ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು ನಾನು ಒಂದು ಫೈಲ್ ಇಟ್ಟಿದ್ದೇನೆ. ಮೊದಲ ಸಾಲು: ಸಿದ್ದಪ್ಪ ಸಿದ್ಧಪ್ಪ. ಎರಡನೆಯದು: ಭತ್ತ, ರಾಷ್ಟ್ರ, ಲಕ್ಷ್ಮಿ. ಮೂರನೆಯದು: 33 38 83 88 66 60. ಅಕ್ಷರದ ಗಾತ್ರ ಲೆಕ್ಕದ ಪುಟದಲ್ಲಿ ಇರುವಷ್ಟೇ. ಪ್ರತಿ ದಿನ ಕೆಲಸ ಶುರು ಮಾಡುವ ಮೊದಲು ಅದನ್ನು ತೆರೆದು, ಕುರ್ಚಿಯಲ್ಲಿ ಮಾಮೂಲಿಯಾಗಿ ಕೂತು ಓದುತ್ತೇನೆ. ಮುಂದಕ್ಕೆ ಬಾಗದೆ ಮೂರೂ ಸಾಲು ಓದಲು ಬಂದರೆ ಕಾಟಾ ಚೀಟಿಗಳನ್ನು ತೆಗೆಯುತ್ತೇನೆ. ಬರದಿದ್ದರೆ ಡಿಸ್‌ಕನೆಕ್ಟ್ ಮಾಡಿ ಮೊದಲಿನ ಆ ಚೀಟಿಯನ್ನು ಮತ್ತೆ ನೋಡುತ್ತೇನೆ.